ಬಾಣಂತಿಯ ಬಾಲಮೂಳೆ ನೋವು: ರಿಂಗ್ ದಿಂಬು, ಯು ದಿಂಬು, ಉಸಿರಾಟ, ಮಷಿನ್

ಹೆರಿಗೆಯಾದ ಮೇಲೆ ಬಾಲಮೂಳೆ ನೋಯುತ್ತಿದ್ದರೆ ದುಂಡಗಿನ ರಿಂಗ್ ದಿಂಬಿಗೆ ದುಡ್ಡು ಹಾಕಬೇಡಿ. ಹಿಂಭಾಗದಲ್ಲಿ ಯು ಆಕಾರಕ್ಕೆ ಕತ್ತರಿಸಿದ ಫೋಮ್ ದಿಂಬು, ಅದರ ಜೊತೆಗೆ ಪೆಲ್ವಿಕ್ ಫ್ಲೋರ್ (ಸೊಂಟದ ತಳದ ಸ್ನಾಯು) ಸಡಿಲಿಸುವ ಉಸಿರಾಟ. ಮೊದಲು ಇವೆರಡು, ಮಿಕ್ಕಿದ್ದೆಲ್ಲ ಆಮೇಲೆ.

ರಿಂಗಿನ ತಕರಾರು ಇಷ್ಟೇ: ತೂತು ಇರುವುದು ನಡುವೆ, ಬಾಲಮೂಳೆ ಇರುವುದು ಹಿಂದೆ. ಹೊಲಿಗೆ, ಮೂಲವ್ಯಾಧಿ ಇದ್ದವರಿಗೆ ಅದು ಹಿತವೇ. ಆದರೆ ರಿಂಗಿನ ಹಿಂದಿನ ಅಂಚು ಬಾಲಮೂಳೆಗೇ ಬಂದು ಒತ್ತುತ್ತದೆ. ಗಾಳಿ ತುಂಬುವ ರಿಂಗ್ ಆದರಂತೂ ಅತ್ತಿತ್ತ ವಾಲುತ್ತದೆ. ಬೀಳದಂತೆ ಕೂರಲು ಪೃಷ್ಠದ ಸ್ನಾಯು ಬಿಗಿಯಬೇಕು, ಅದು ಅಂಟಿಕೊಂಡಿರುವುದೂ ಅದೇ ಮೂಳೆಗೆ.

ಯು ದಿಂಬಿನಲ್ಲೂ ಎಡವುವವರಿದ್ದಾರೆ. ಕತ್ತರಿಸಿದ ಕಡೆ ಬೆನ್ನಿಗೇ ಬರಬೇಕು. ಸೋಫಾ ಮೇಲಿಟ್ಟರೆ ದಿಂಬು ಕುಸಿದು ಸಂದು ಮುಚ್ಚಿಹೋಗುತ್ತದೆ. ಮರದ ಕುರ್ಚಿಯೇ ಸರಿ. ಕೂರುವ ಎತ್ತರ 2-3 ಇಂಚು ಏರುವುದರಿಂದ ಪಾದದ ಕೆಳಗೊಂದು ಮಣೆ ಇಡಿ. ಗೋಡೆಗೆ ಒರಗಿ, ಕಾಲು ಚಾಚಿ ಹಾಲು ಕುಡಿಸಿದರೆ ಸೊಂಟ ಹಿಂದಕ್ಕೆ ಜಾರಿ ಭಾರವೆಲ್ಲ ಬಾಲಮೂಳೆಗೇ. ಆಗ ಯಾವ ದಿಂಬೂ ದಂಡ. ಮಗುವನ್ನೇ ದಿಂಬಿಟ್ಟು ಎದೆಮಟ್ಟಕ್ಕೆ ಎತ್ತಿಕೊಳ್ಳಿ. ಏಳುವಾಗ ಮೊದಲು ಮುಂದಕ್ಕೆ ಬಾಗಿ, ಆಮೇಲೆ ಎದ್ದರೆ ಚಳಕು ಕಡಿಮೆ.

ಉಸಿರಾಟಕ್ಕೆ ಖರ್ಚಿಲ್ಲ. ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ನಡುವೆ ತಲೆದಿಂಬು ಇಟ್ಟುಕೊಳ್ಳಿ. 4 ಎಣಿಸುತ್ತ ಮೂಗಿನಿಂದ ಉಸಿರೆಳೆದಾಗ ಹೊಟ್ಟೆ, ಪಕ್ಕೆ ಹಿಗ್ಗಿ ಗುದದ ಸುತ್ತ ಸಡಿಲವಾಗಬೇಕು. 6 ಎಣಿಸುತ್ತ ಬಿಡಿ, ಏನನ್ನೂ ಬಿಗಿಹಿಡಿಯದೆ. 5 ನಿಮಿಷ, ದಿನಕ್ಕೆ 2 ಸಲ. ಸಡಿಲ ಬಿಡುವ ಬದಲು ಕೆಳಕ್ಕೆ ತಿಣುಕುವುದೇ ಹೆಚ್ಚಿನವರು ಮಾಡುವ ತಪ್ಪು.

ಕೆಗೆಲ್, ಅಂದರೆ ಅದೇ ತಳದ ಸ್ನಾಯುವನ್ನು ಬಿಗಿದು ಬಿಡುವ ವ್ಯಾಯಾಮವನ್ನು ಎಲ್ಲ ಬಾಣಂತಿಯರಿಗೂ ಹೇಳಿಬಿಡುತ್ತಾರೆ. ಸ್ನಾಯು ಮೊದಲೇ ಸೆಟೆದಿದ್ದರೆ ಅದರಿಂದ ನೋವು ಏರಬಹುದು.

ಐಎಫ್‌ಟಿ (ಸಣ್ಣ ವಿದ್ಯುತ್ ಹರಿಸುವುದು), ಅಲ್ಟ್ರಾಸೌಂಡ್ (ಶಬ್ದತರಂಗ ಹಾಯಿಸುವುದು) ಮಷಿನ್‌ಗಳ ಆರಾಮ ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಟ್ಟೆ ಸುತ್ತಿದ ಬಿಸಿನೀರಿನ ಚೀಲ 15 ನಿಮಿಷ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಫಲ. ಎಣ್ಣೆ ನೀವುವವರಿಗೆ ಮೂಳೆಯ ತುದಿ ಅದುಮಬೇಡಿ ಎಂದು ಮೊದಲೇ ಹೇಳಿಡಿ.

ಕೊನೆಯದು, ಗ್ಲೌಸ್ ಹಾಕಿದ ಬೆರಳನ್ನು ಗುದದ್ವಾರದ ಒಳಗಿಟ್ಟು ಬಾಲಮೂಳೆಯನ್ನು ಸರಿಪಡಿಸುವ ಚಿಕಿತ್ಸೆ. ಹೆಸರು ಕೇಳಿಯೇ ಬೆಚ್ಚುವವರಿದ್ದಾರೆ, ಅದು ಸಹಜ. 2006ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಅಧ್ಯಯನದಲ್ಲಿ 6 ತಿಂಗಳ ಬಳಿಕ ಒಳ್ಳೆಯ ಫಲ ಕಂಡಿದ್ದು 22% ಜನರಿಗೆ, ಹೋಲಿಕೆಯ ಗುಂಪಿನಲ್ಲಿ 12%. ನೋವು ಹೊಸದಾಗಿದ್ದು, ಪೆಟ್ಟಿನಿಂದ ಬಂದಿದ್ದರೆ ಗುಣ ಜಾಸ್ತಿ. ಹೊಲಿಗೆ ಮಾಗಿ, ಡಾಕ್ಟರ್ ನೋಡಿ ಒಪ್ಪಿದ ಮೇಲೆ, ಪೆಲ್ವಿಕ್ ತರಬೇತಿ ಇರುವ ಫಿಸಿಯೋ ಬಳಿಯೇ ಮಾಡಿಸಿ.

ಸಾವಿರದೊಳಗೆ ಮುಗಿಸಬೇಕಾದರೆ ಯು ದಿಂಬು, ಮಣೆ, ಉಸಿರಾಟ ಸಾಕು. ನೆಲದಲ್ಲಿ ಚಕ್ಕಳಮಕ್ಕಳ ಕೂರದೆ ಆಗದು ಎನ್ನುವವರು ದಿಂಬಿನ ಆಸೆ ಬಿಟ್ಟು ಮಗ್ಗುಲಾಗಿ ಮಲಗಿ ಕುಡಿಸಲಿ. ಜ್ವರ, ಕಾಲು ಜೋಮು, ಮಲಮೂತ್ರದ ಹಿಡಿತ ತಪ್ಪುವುದು ಇದ್ದರೆ ಇದ್ಯಾವುದನ್ನೂ ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.