ಅಪ್ಪಯ್ಯನ ಮಂಚದ ಪಕ್ಕದಲ್ಲಿ ಆರ್ಸೆನಲ್: ಕಿವಿ ಮುಚ್ಚದ ಹೆಡ್‌ಸೆಟ್ ಎರಡು ಋತು ಬಳಸಿದ ಮೇಲೆ

ಮೂಳೆಯ ಮೂಲಕ ಧ್ವನಿ ಮುಟ್ಟಿಸುವ ಬ್ಲೂಟೂತ್ ಹೆಡ್‌ಸೆಟ್ಟನ್ನು ಹಾಡು ಕೇಳುವುದಕ್ಕೆಂದು ಕೊಳ್ಳುವವರಿಗೆ ನನ್ನ ಸಲಹೆ: ಬೇಡ. ಅದರಲ್ಲಿ ಮದ್ದಳೆಯ ನಾದ ಸೊರಗುತ್ತದೆ, ತಂಬೂರಿ ಇದ್ದೂ ಇಲ್ಲದಂತಾಗುತ್ತದೆ. ಆದರೆ ಮಾತು ಕೇಳುವುದಕ್ಕೆ, ಅದರಲ್ಲೂ ಪಕ್ಕದಲ್ಲಿ ಮಲಗಿದವರ ಉಸಿರಿನ ಮೇಲೆ ನಿಗಾ ಇಟ್ಟುಕೊಂಡೇ ಮಾತು ಕೇಳುವುದಕ್ಕೆ, ಇದಕ್ಕಿಂತ ಒಳ್ಳೆಯ ಸಾಧನ ನನ್ನ ಕೈಗೆ ಸಿಕ್ಕಿಲ್ಲ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಒಳಗಿರುವ ಒಂಟಿಮನೆ. ಪಾರ್ಶ್ವವಾಯು ಬಡಿದು ಅಪ್ಪಯ್ಯನ ಬಲಭಾಗ ಸ್ವಾಧೀನ ತಪ್ಪಿದೆ, ಮಾತು ನಿಂತಿದೆ. ನುಂಗುವುದು ಕಷ್ಟ, ಎಂಜಲು ನೆತ್ತಿಗೆ ಹತ್ತಿದರೂ ತಕ್ಷಣ ಎತ್ತಿ ಕೂರಿಸಬೇಕು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲಿನ ಪಾಳಿ ಅತ್ತಿಗೆಯದು, ರಾತ್ರಿಯದು ನನ್ನದು. ಅಪ್ಪಯ್ಯ ಕರೆಯುವುದು ಕೆಮ್ಮಿನಲ್ಲಿ, ಇಲ್ಲವೇ ಮಂಚದ ಪಟ್ಟಿಗೆ ಎಡಗೈ ಬಡಿದು. ಹೀಗಿರುವಾಗ ಕಿವಿಗೆ ಬಿರಡೆಯಂತೆ ಕೂರುವ ಯಾವ ಇಯರ್‌ಫೋನೂ ಈ ಮನೆಗೆ ಸಲ್ಲುವುದಿಲ್ಲ. ಹೊರಗಿನ ಸದ್ದನ್ನು ಅಳಿಸುವ ದುಬಾರಿ ಇಯರ್‌ಫೋನಂತೂ ಅಪಾಯವೇ.

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್ ನನ್ನ ತಂಡ. 2003-04ರಲ್ಲಿ ಲೀಗ್‌ನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದ ಆ ತಂಡವನ್ನು ಶಿವಮೊಗ್ಗದ ಹಾಸ್ಟೆಲ್ ಟೀವಿಯಲ್ಲಿ ನೋಡಿದ ಮೇಲೆ ಬೇರೆ ಯಾವುದೂ ಮನಸ್ಸಿಗೆ ಹತ್ತಲಿಲ್ಲ. ತಿಯೆರಿ ಆನ್ರಿ ಎಡಗಡೆಯಿಂದ ಒಳನುಗ್ಗಿ ಗೋಲಿನ ಆಚೆಯ ಕಂಬದತ್ತ ಚೆಂಡನ್ನು ಬಾಗಿಸಿ ಕಳಿಸುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ರೋಗಿಯ ಕೋಣೆಯಲ್ಲಿ ಈಗ ಪರದೆಯ ಬೆಳಕು ಬೇಡ, ಕಣ್ಣು ಬೇರೆಡೆಗೆ ಹೋಗುವುದೂ ಬೇಡ. ಗುಡ್ಡದ ಮರೆಯ ನಮ್ಮ ಮನೆಗೆ ವಿಡಿಯೊ ಹೊರುವಷ್ಟು ಸಿಗ್ನಲ್ಲೂ ಬರುವುದಿಲ್ಲ. ಹಾಗಾಗಿ ಕ್ಲಬ್ಬಿನ ಆ್ಯಪ್‌ನಲ್ಲಿ ಬರುವ ವೀಕ್ಷಕ ವಿವರಣೆಯೇ ಆಧಾರ. 64 ಕಿಲೋಬಿಟ್‌ನ ಧ್ವನಿ ಪ್ರಸಾರ ಗಂಟೆಗೆ 30 ಎಂಬಿಯೊಳಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಟವರ್ ಕುಂಟುತ್ತಿದ್ದರೂ ಅಷ್ಟು ಹೇಗೋ ದಾಟಿ ಬರುತ್ತದೆ. ಗೋಲಿನ ಸಂದೇಶ ಕಳಿಸುವ ಸೂಚನೆಗಳನ್ನು ಮಾತ್ರ ಮೊದಲೇ ನಿಲ್ಲಿಸಿಡಿ. ಪ್ರಸಾರ ತಡವಾಗಿ ಬರುವುದರಿಂದ ವಿವರಣೆಕಾರ ಹೇಳುವ ಮೊದಲೇ ಮೊಬೈಲ್ ಬಾಯಿಬಿಟ್ಟುಬಿಡುತ್ತದೆ.

ಹೆಡ್‌ಸೆಟ್ಟಿನ ಎರಡು ಗುಬಟುಗಳು ಕಿವಿಯ ಮುಂದೆ, ಕೆನ್ನೆಮೂಳೆಯ ಮೇಲೆ ಒರಗಿ ಕೂರುತ್ತವೆ. ಅವುಗಳ ಕಂಪನ ತಲೆಬುರುಡೆಯ ಮೂಲಕ ನೇರವಾಗಿ ಒಳಕಿವಿಗೆ ಹೋಗುತ್ತದೆ. ಕಿವಿಯ ದಾರಿ ತೆರೆದೇ ಇರುತ್ತದೆ. ನಿಶ್ಶಬ್ದ ರಾತ್ರಿಯಲ್ಲಿ ತೀರಾ ಕಡಿಮೆ ಧ್ವನಿಯಿಟ್ಟರೂ ಪ್ರತಿ ಪಾಸ್ ಸ್ಪಷ್ಟ, ಗಾಳಿ ಹಾಸಿಗೆಯ ಪಂಪಿನ ಗುಂಯ್ ಎನ್ನುವ ಸದ್ದೂ ಸ್ಪಷ್ಟ. ಧ್ವನಿ ಏರಿಸಿದರೆ ಕೆನ್ನೆಯಲ್ಲಿ ಕಚಗುಳಿ ಆಗುತ್ತದೆ, ಸದ್ದು ಹೊರಗೂ ಸೋರುತ್ತದೆ. ಕತ್ತಿನ ಹಿಂದೆ ಸುತ್ತಿ ಬರುವ ತಂತಿ ಗಡುಸು. ದಿಂಬಿಗೆ ತಲೆಯಿಟ್ಟರೆ ಒತ್ತುತ್ತದೆ, ಕನ್ನಡಕದ ಕಡ್ಡಿಯ ಜೊತೆಗೂ ಕಿವಿಯ ಮೇಲೆ ಜಾಗಕ್ಕೆ ಜಗಳ. ಸುಗ್ಗಿಯ ದಿನಗಳಲ್ಲಿ ಜಗಲಿಯಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು, ಕೋಣೆಯ ಬಾಗಿಲು ತೆರೆದಿಟ್ಟು ಅಡಿಕೆ ಸುಲಿಯುವಾಗ ಮಾತ್ರ ಅದೇ ಗಡುಸುತನ ಉಪಕಾರಕ್ಕೆ ಬಂತು. ಎಷ್ಟು ಬಗ್ಗಿ ಎದ್ದರೂ ಜಾರಲಿಲ್ಲ.

2025ರ ಏಪ್ರಿಲ್ 8ರ ಪಂದ್ಯದ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಪೂರ್ತಿಯಾಗದು. ಆರ್ಸೆನಲ್‌ನ ತವರಾದ ಎಮಿರೇಟ್ಸ್ ಕ್ರೀಡಾಂಗಣದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದು. ನಮಗೆ ಮಧ್ಯರಾತ್ರಿ 12.30ಕ್ಕೆ ಶುರು. ಅರ್ಧ ವಿರಾಮದವರೆಗೆ ಗೋಲಿಲ್ಲ. 58ನೇ ನಿಮಿಷದಲ್ಲಿ ಡೆಕ್ಲನ್ ರೈಸ್ ಫ್ರೀ ಕಿಕ್ಕನ್ನು ಸಾಲುಗಟ್ಟಿ ನಿಂತ ಎದುರಾಳಿಗಳ ಗೋಡೆಯ ಪಕ್ಕದಿಂದ ಬಾಗಿಸಿ ಬಲೆಗೆ ಸೇರಿಸಿದರು. ಅವರು ವೃತ್ತಿಜೀವನದಲ್ಲಿ ನೇರ ಫ್ರೀ ಕಿಕ್‌ನಿಂದ ಗೋಲು ಹೊಡೆದದ್ದು ಅದೇ ಮೊದಲು. ಎರಡು ಗಂಟೆ ಸಮೀಪಿಸಿತ್ತು. ಅಪ್ಪಯ್ಯನ ಮಗ್ಗುಲು ಬದಲಿಸುವ ಹೊತ್ತು. ಒಂದು ಕೈ ಹೆಗಲಡಿಗೆ, ಇನ್ನೊಂದು ಸೊಂಟದಡಿಗೆ ಕೊಟ್ಟು ಅವರನ್ನು ನನ್ನತ್ತ ಹೊರಳಿಸುತ್ತಿರುವಾಗಲೇ 70ನೇ ನಿಮಿಷದ ಇನ್ನೊಂದು ಫ್ರೀ ಕಿಕ್. ಮತ್ತೆ ರೈಸ್, ಈ ಸಲ ಗೋಲಿನ ಮೇಲ್ಮೂಲೆಗೆ. ಕೂಗುವಂತಿಲ್ಲ, ಕೈ ಬಿಡುವಂತಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ಅಪ್ಪಯ್ಯ ಎಡಗೈಯಿಂದ ನನ್ನ ತೋಳು ಹಿಡಿದು ಕಣ್ಣರಳಿಸಿದರು. ‘ಎರಡು ಗೋಲು, ಅಪ್ಪಯ್ಯ’ ಎಂದೆ. ಬೆನ್ನಿಗೆ ದಿಂಬು ಕೊಡುವಷ್ಟರಲ್ಲಿ ಮಿಕೆಲ್ ಮೆರಿನೊ ಮೂರನೆಯದನ್ನು ಹೊಡೆದಾಗಿತ್ತು. ಮುಂದಿನ ವಾರ ಮ್ಯಾಡ್ರಿಡ್‌ನಲ್ಲೂ 2-1ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಪ್ಯಾರಿಸ್ ತಂಡದ ಎದುರು ಎರಡೂ ಪಂದ್ಯ ಸೋತಾಗ ಆದ ಸಂಕಟವೂ ಇದೇ ಮಂಚದ ಪಕ್ಕದಲ್ಲಿ ಆದದ್ದೇ.

ಇನ್ನು ಕೊರತೆಗಳು. ಜಡಿಮಳೆಗೆ ಇದು ಸೋಲುತ್ತದೆ. ಹೆಂಚಿನ ಮೇಲೆ, ಹಿಂಬದಿಯ ತಗಡಿನ ಮಾಡಿನ ಮೇಲೆ ನೀರು ಬೀಳುವ ಸದ್ದು ತೆರೆದ ಕಿವಿಯನ್ನು ತುಂಬಿಬಿಡುತ್ತದೆ. ಕಿವಿಗೆ ಹತ್ತಿ ಇಟ್ಟುಕೊಂಡರೆ ಹೆಡ್‌ಸೆಟ್ಟಿನ ಧ್ವನಿ ಚೆನ್ನಾಗಿ ಏರುತ್ತದೆ ನಿಜ, ಆದರೆ ಆಗ ಕೆಮ್ಮು ಕೇಳಿಸುವುದಿಲ್ಲ. ಅಂತಹ ರಾತ್ರಿ ಹೆಡ್‌ಸೆಟ್ ತೆಗೆದಿಟ್ಟು ಬೆಳಗ್ಗೆ ಫಲಿತಾಂಶ ನೋಡುತ್ತೇನೆ. ಅಪ್ಪಯ್ಯನ ಎಡಗೈಗೆ ಸಿಗುವಂತೆ ವೈರ್‌ಲೆಸ್ ಕರೆಗಂಟೆಯ ಗುಂಡಿ ಕಟ್ಟಿದ್ದೇನೆ. ನೆತ್ತಿಗೆ ಹತ್ತಿದಾಗ ಗುಂಡಿ ಒತ್ತುವ ಶಕ್ತಿ ಅವರಿಗೆ ಇರುತ್ತದೆಂದು ನಂಬಿ ಕೂರಲಾಗದು.

ಪೆಟ್ಟಿಗೆಯ ಮೇಲೆ ಐಪಿ67 ಎಂದಿದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಾಳಬೇಕು. ಒಳಗೆ ನೀರು ಹೋಗಿಲ್ಲ ನಿಜ. ಆದರೆ ಮಲೆನಾಡಿನ ತೇವಕ್ಕೆ ಚಾರ್ಜಿಂಗ್ ಪಿನ್ನುಗಳು ಹಸಿರು ಕಿಲುಬು ಹಿಡಿದವು. ಅಪ್ಪಯ್ಯನ ಇನ್ಸುಲಿನ್‌ಗೆ ಬಳಸುವ ಸ್ಪಿರಿಟ್ ಹತ್ತಿಯಿಂದಲೇ ಒರೆಸಿ ಒಣಗಿಸುತ್ತೇನೆ. ಅಯಸ್ಕಾಂತದ ಕೇಬಲ್ ಆ ಕಂಪನಿಯದ್ದೇ ಆಗಬೇಕು. ಅದು ಕೆಟ್ಟಾಗ ಶಿವಮೊಗ್ಗದ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿದರೆ ಕೊರಿಯರ್‌ನವರು ತೀರ್ಥಹಳ್ಳಿಯಿಂದ ಈಚೆಗೆ ಬರಲೊಪ್ಪಲಿಲ್ಲ. ಏಳು ಸಾವಿರ ಕೊಟ್ಟವರಿಗೆ ಪೆಟ್ಟಿಗೆಯಲ್ಲಿ ಇನ್ನೊಂದು ಕೇಬಲ್ ಇಟ್ಟು ಕಳಿಸಬಹುದಿತ್ತು.

ಕಡಿಮೆ ಬೆಲೆಗೆ ಇದೇ ಹೆಸರಿನಲ್ಲಿ ಮಾರುವ ಹಲವು ಹೆಡ್‌ಸೆಟ್ಟುಗಳು ಕಿವಿಯ ಹತ್ತಿರ ಕೂರುವ ಸಣ್ಣ ಸ್ಪೀಕರ್ ಮಾತ್ರ. ಅಂಗಡಿಯಲ್ಲಿ ಧರಿಸಿ ಎರಡೂ ಕಿವಿಗೆ ಬೆರಳಿಡಿ. ಧ್ವನಿ ಕುಗ್ಗದೆ ಇನ್ನೂ ಗಟ್ಟಿಯಾದರೆ ಅಸಲಿ, ಕುಗ್ಗಿದರೆ ಹಾಗೇ ವಾಪಸು ಕೊಡಿ. ವಯಸ್ಸಾದವರ ಕಿವುಡಿಗೆ ಇದು ಪರಿಹಾರವೆಂದು ಹಿರಿಯರಿಗೆ ಕೊಳ್ಳಲು ಹೋಗಬೇಡಿ. ಆ ಕಿವುಡು ಸಾಮಾನ್ಯವಾಗಿ ಒಳಕಿವಿಯದು, ಕಂಪನ ಕೊನೆಗೆ ತಲುಪುವುದೂ ಅಲ್ಲಿಗೇ.

ಹೊಸದರಲ್ಲಿ ಒಂದು ರಾತ್ರಿ ಪೂರ್ತಿ ಬರುತ್ತಿದ್ದ ಬ್ಯಾಟರಿ ಈಗ ಎರಡು ಪಂದ್ಯಕ್ಕೆ ಸುಸ್ತಾಗುತ್ತಿದೆ. ಆಗಸ್ಟ್‌ನಲ್ಲಿ ಲೀಗ್ ಶುರುವಾಗುವ ಮೊದಲು ಇದೇ ಬಗೆಯ ಇನ್ನೊಂದನ್ನು ಕೊಳ್ಳುತ್ತೇನೆ. ಈಗ ಟೈಪ್-ಸಿ ಕೇಬಲ್ ಹಾಕಬಹುದಾದ ಮಾದರಿಗಳೂ ಬಂದಿವೆ, ನೋಡುವುದು ಅವನ್ನೇ.