ಎರವಲು ಜರ್ಸಿಗಳ ಪೆಟ್ಟಿಗೆ: ಮೂರು ಅಂಗಿ, ಮೂರು ಅವಸರ

ನಾನು ಭಾನುವಾರದ ಫುಟ್‌ಬಾಲ್ ಪಂದ್ಯಗಳಿಗೆ ಸೀಟಿ ಊದುವ ಹವ್ಯಾಸಿ ರೆಫರಿ. ಹಳೆಯ ಜರ್ಸಿ ಕಂಡರೆ ಗೆಳೆಯರಿಗೆ ಅದನ್ನು ತೊಟ್ಟ ಆಟಗಾರ ನೆನಪಾಗುತ್ತಾನೆ. ನನಗೆ ನೆನಪಾಗುವುದು ಎದುರಾಳಿ ತಂಡ ಅಂದು ಯಾವ ಬಣ್ಣ ತೊಟ್ಟಿತ್ತು ಎಂಬುದು. ಆದ್ದರಿಂದಲೇ ಅಂತರಜಾಲದಲ್ಲಿ ಹಳೆಯ ಜರ್ಸಿಗಳ ಪ್ರತಿಕೃತಿ ಮಾರುವವರೊಬ್ಬರು ಮೂರು ಅಂಗಿಗಳ ಪೆಟ್ಟಿಗೆಯೊಂದನ್ನು ಹೊರತಂದಾಗ ಕೈ ತಡೆಯಲಿಲ್ಲ. ಬ್ರೆಜಿಲ್‌ನ 1958ರ ನೀಲಿ, ಫ್ರಾನ್ಸ್‌ನ 1978ರ ಹಸಿರು ಬಿಳಿ ಪಟ್ಟೆ, ಅರ್ಜೆಂಟೀನಾದ 1986ರ ಕಡುನೀಲಿ. ಮೂರರಲ್ಲಿ ಒಂದೂ ಆ ದೇಶದ ಹೆಸರು ಹೇಳಿದೊಡನೆ ಕಣ್ಣಿಗೆ ಬರುವ ಬಣ್ಣವಲ್ಲ. ತಮ್ಮದು ನಡೆಯದೆ ಹೋದಾಗ ಕೊಂಡು ತಂದ, ಬೇಡಿ ತಂದ ಅಂಗಿಗಳು ಇವು. ಇವನ್ನು ಒಟ್ಟು ಸೇರಿಸಬೇಕು ಎಂದು ಹೊಳೆದವರು ಯಾರೋ, ಅವರಿಗೆ ಆಟ ಗೊತ್ತು.

ಪೆಟ್ಟಿಗೆಯೊಳಗಿನ ಕಿರುಪುಸ್ತಿಕೆ ಬರೆದವರಿಗೆ ಮಾತ್ರ ಗೊತ್ತಿಲ್ಲ. ‘ಪ್ರತಿ ರಾಷ್ಟ್ರೀಯ ತಂಡವೂ ತನ್ನ ಧ್ವಜದ ಬಣ್ಣವನ್ನು ತೊಡುತ್ತದೆ’ ಎಂಬುದು ಅದರ ಮೊದಲ ವಾಕ್ಯ. ಹಾಗಿದ್ದರೆ ಇಟಲಿಯ ಹಸಿರು, ಬಿಳಿ, ಕೆಂಪು ಬಾವುಟದಲ್ಲಿ ನೀಲಿ ಎಲ್ಲಿದೆ? ಇಟಲಿ ತನ್ನ ಮೊದಲ ಪಂದ್ಯವನ್ನು 1910ರಲ್ಲಿ ಬಿಳಿ ಅಂಗಿಯಲ್ಲಿ ಆಡಿತು. 1911ರ ಜನವರಿಯಲ್ಲಿ ಹಂಗೇರಿಯ ವಿರುದ್ಧ ನೀಲಿ ತೊಟ್ಟಿತು. ಅದು ಆಗ ಆಳುತ್ತಿದ್ದ ಸವೋಯ್ ರಾಜಮನೆತನದ ಬಣ್ಣ. 1946ರಲ್ಲಿ ಜನ ಮತ ಹಾಕಿ ಅರಸೊತ್ತಿಗೆಯನ್ನೇ ಕಳಚಿದರು, ಅಂಗಿಯನ್ನು ಕಳಚಲಿಲ್ಲ. ನೆದರ್‌ಲ್ಯಾಂಡ್ಸ್‌ನ ಕಿತ್ತಳೆಯೂ ಆರೆಂಜ್ ಮನೆತನದ್ದು, ಬಾವುಟದಲ್ಲಿ ಅದಕ್ಕೆ ಜಾಗವಿಲ್ಲ. ಜರ್ಮನಿಯ ಬಿಳಿ ಕಪ್ಪು ಹಳೆಯ ಪ್ರಶ್ಯಾದ ಉಳಿಕೆ. ಕೆಂಪು ಬಿಳಿ ಬಾವುಟದ ಜಪಾನ್ ನೀಲಿಯಲ್ಲಿ ಆಡುತ್ತದೆ, ನೀಲಿ ಕೆಂಪು ಬಿಳಿ ಬಾವುಟದ ಆಸ್ಟ್ರೇಲಿಯಾ ಹಳದಿ ಹಸಿರಿನಲ್ಲಿ. ಪುಸ್ತಿಕೆಯನ್ನು ಮುಚ್ಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಇನ್ನು ಅಂಗಿಗಳು.

ಬ್ರೆಜಿಲ್‌ನದು ದಪ್ಪ ಹತ್ತಿ. ಮಡಿಕೆ ಬಿಡಿಸಿದಾಗ ತೂಕವಿದೆ ಅನಿಸುತ್ತದೆ, ಎರಡು ಸಲ ಒಗೆದ ಮೇಲೆ ಮೆತ್ತಗಾಗುತ್ತದೆ. ಇದರ ಹಿಂದಿನ ಕಥೆ ಎಂಟು ವರ್ಷ ಹಿಂದಕ್ಕೆ ಹೋಗುತ್ತದೆ. 1950ರ ವಿಶ್ವಕಪ್‌ನ ಕೊನೆಯ ಪಂದ್ಯದಲ್ಲಿ, ತನ್ನದೇ ಮರಕಾನಾ ಕ್ರೀಡಾಂಗಣದಲ್ಲಿ, ಬ್ರೆಜಿಲ್ ಉರುಗ್ವೆಗೆ 2-1ರಲ್ಲಿ ಸೋತಿತು. ಅಂದು ತೊಟ್ಟಿದ್ದು ಬಿಳಿ. ಸೋಲಿನ ಸೂತಕ ಅಂಗಿಗೂ ತಟ್ಟಿತು. ಧ್ವಜದ ನಾಲ್ಕೂ ಬಣ್ಣ ಇರುವ ಹೊಸ ಉಡುಪು ಬೇಕೆಂದು ಪತ್ರಿಕೆಯೊಂದು ಸ್ಪರ್ಧೆ ಏರ್ಪಡಿಸಿತು. ಗೆದ್ದವನು ಉರುಗ್ವೆ ಗಡಿಯ ಪಕ್ಕದ ಊರಿನ ಹುಡುಗ ಆಲ್ದಿರ್ ಗಾರ್ಸಿಯಾ ಶ್ಲೀ. ಇಂದು ಬ್ರೆಜಿಲ್ ಎಂದರೆ ಕಣ್ಣಿಗೆ ಕಟ್ಟುವ ಹಳದಿ ಅಂಗಿ, ಹಸಿರು ಅಂಚು, ನೀಲಿ ಚಡ್ಡಿ ಅವನ ರೇಖಾಚಿತ್ರದಿಂದ ಬಂದದ್ದು. ಸ್ವತಃ ಶ್ಲೀ ಉರುಗ್ವೆಯ ಅಭಿಮಾನಿಯಾಗಿದ್ದ ಎಂಬುದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಅದಾಗಿ ಕೆಲವೇ ವರ್ಷಕ್ಕೆ, 1958ರ ಫೈನಲ್‌ನಲ್ಲಿ ಎದುರಾದದ್ದು ಆತಿಥೇಯ ಸ್ವೀಡನ್. ಅದರದೂ ಹಳದಿ. ಬ್ರೆಜಿಲ್ ಬಣ್ಣ ಬಿಡಬೇಕಾಯಿತು. ಬಿಳಿಗೆ ಮರಳುವ ಧೈರ್ಯ ಯಾರಿಗಿದ್ದೀತು? ಸ್ಟಾಕ್‌ಹೋಮ್‌ನ ಅಂಗಡಿಯಿಂದ ನೀಲಿ ಅಂಗಿ ಕೊಂಡು ತಂದು, ಹಳದಿ ಅಂಗಿಗಳ ಲಾಂಛನ ಬಿಡಿಸಿ ಅವಕ್ಕೆ ಹೊಲಿದರು. ತಂಡದ ಮುಖ್ಯಸ್ಥ ಪೌಲೊ ಮಚಾದೊ ದೆ ಕರ್ವಾಲ್ಯೊ, ಇದು ಬ್ರೆಜಿಲ್ ಕಾಯುವ ದೇವಮಾತೆ ಅಪರೆಸಿದಾಳ ಸೆರಗಿನ ಬಣ್ಣ ಎಂದು ಹೇಳಿ ಆಟಗಾರರ ಅಳುಕು ಕಳೆದರಂತೆ. ಪಂದ್ಯ 5-2. ಹದಿನೇಳರ ಪೆಲೆಯದು ಎರಡು ಗೋಲು.

ಈಗ ನನ್ನ ತಕರಾರು. ಅಂಗಿಯನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿದೆ. ಲಾಂಛನದ ಸುತ್ತ ಯಂತ್ರದ ಹೊಲಿಗೆ, ಇರುವೆ ಸಾಲಿನಷ್ಟು ನೇರ, ಒಂದೆಳೆ ಆಚೀಚೆ ಇಲ್ಲ. ಹಿಂದೆ ಗಟ್ಟಿ ಕಾಗದದಂಥ ಅಸ್ತರಿ, ಎದೆಗೆ ತರಚುತ್ತದೆ. ರಾತ್ರೋರಾತ್ರಿ ಬಿಚ್ಚಿ ಹೊಲಿದದ್ದರ ಪ್ರತಿಕೃತಿಯಲ್ಲಿ ಅವಸರದ ಒಂದು ಗುರುತೂ ಇಲ್ಲದಿದ್ದರೆ ಹೇಗೆ? ಅಸ್ತರಿಯನ್ನು ನಾನೇ ಕತ್ತರಿಯಿಂದ ಬಿಡಿಸಿದೆ. ಈಗ ತೊಡಬಹುದು.

ಎರಡನೆಯದು, ಹಸಿರು ಬಿಳಿ ಪಟ್ಟೆ. ಪೆಟ್ಟಿಗೆಯನ್ನು ಕೊಂಡದ್ದೇ ಇದಕ್ಕಾಗಿ. 1978ರ ಜೂನ್ 10, ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾ. ಫ್ರಾನ್ಸ್ ಮತ್ತು ಹಂಗೇರಿ, ಎರಡೂ ಆಗಲೇ ಹೊರಬಿದ್ದಿದ್ದ ತಂಡಗಳು. ಒಂದರ ಬಣ್ಣ ನೀಲಿ, ಇನ್ನೊಂದರದು ಕೆಂಪು. ಮೈದಾನದಲ್ಲಿ ಯಾವ ಗೊಂದಲವೂ ಇಲ್ಲ. ಗೊಂದಲವಿದ್ದದ್ದು ಕಪ್ಪು ಬಿಳುಪು ಟಿವಿಯ ಮುಂದೆ ಕುಳಿತವರಿಗೆ. ಅವರಿಗಾಗಿ ಒಂದು ತಂಡ ಬಿಳಿ ತೊಡಬೇಕಿತ್ತು. ಕೊನೆಗೆ ಎರಡೂ ತಂಡಗಳು ಬಿಳಿ ಅಂಗಿಯನ್ನೇ ಹಿಡಿದು ಬಂದವು! ಊರಿನ ಕಿಂಬರ್ಲಿ ಎಂಬ ಕ್ಲಬ್ಬಿನಿಂದ ಹಸಿರು ಬಿಳಿ ಪಟ್ಟೆಯ ಅಂಗಿ ತರಿಸಿದರು. ಫ್ರಾನ್ಸ್ ಅದನ್ನು ತನ್ನ ನೀಲಿ ಚಡ್ಡಿ, ಕೆಂಪು ಕಾಲುಚೀಲದ ಮೇಲೆ ತೊಟ್ಟಿತು. ಪಂದ್ಯ ಸುಮಾರು 40 ನಿಮಿಷ ತಡವಾಗಿ ಶುರುವಾಯಿತು. ಕೆಲವರ ಬೆನ್ನಿನ ಸಂಖ್ಯೆಯೇ ಬೇರೆ, ಚಡ್ಡಿಯ ಸಂಖ್ಯೆಯೇ ಬೇರೆ. ಅದೇ ವೇಷದಲ್ಲಿ ಫ್ರಾನ್ಸ್ 3-1ರಿಂದ ಗೆದ್ದಿತು.

ಟಿವಿಯ ಮಾತು ನಿಜವೇ ಎಂದು ಪರೀಕ್ಷಿಸುವ ಚಟ ನನ್ನದು. ಮೊಬೈಲ್ ಕ್ಯಾಮೆರಾವನ್ನು ಕಪ್ಪು ಬಿಳುಪಿಗೆ ತಿರುಗಿಸಿ, ನನ್ನ ಚೀಲದ ಕೆಂಪು ಬಿಬ್ (ಅಭ್ಯಾಸದಲ್ಲಿ ಅಂಗಿಯ ಮೇಲೆ ತೊಡುವ ತೋಳಿಲ್ಲದ ಮೇಲಂಗಿ) ಒಂದನ್ನು ಅರ್ಜೆಂಟೀನಾದ ನೀಲಿ ಅಂಗಿಯ ಪಕ್ಕ ಹಾಸಿದೆ. ಪರದೆಯ ಮೇಲೆ ಎರಡೂ ಒಂದೇ ಬೂದಿ. ಗೆರೆ ಎಲ್ಲಿ ಎಂದು ಬೆರಳಿಟ್ಟು ಹುಡುಕಬೇಕಾಯಿತು. ಪಟ್ಟೆ ಅಂಗಿಯನ್ನು ಎಳೆದು ನಡುವೆ ಇಟ್ಟೆ, ಅದು ಮಾತ್ರ ಕತ್ತಲೆಯಲ್ಲಿ ಬೇಲಿ ಕಂಡ ಹಾಗೆ ಎದ್ದು ಕಂಡಿತು. ಅಂದಿನಿಂದ ಪಂದ್ಯಕ್ಕೆ ಮುಂಚೆ ಎರಡೂ ತಂಡಗಳ ಅಂಗಿಯನ್ನು ಹೀಗೆಯೇ ನೋಡುತ್ತೇನೆ. ಕಪ್ಪು ಬಿಳುಪು ಟಿವಿ ಹೋಯಿತು ನಿಜ, ಆದರೆ ಗಂಡಸರಲ್ಲಿ ಸುಮಾರು 12 ಜನರಿಗೆ ಒಬ್ಬರಿಗೆ ಬಣ್ಣಗುರುಡು ಇದೆ. ಹನ್ನೊಂದು ಆಟಗಾರರು, ಒಬ್ಬ ಬದಲಿ ಎಂದು ಲೆಕ್ಕ ಹಾಕಿ, ತಂಡಕ್ಕೊಬ್ಬನಾಯಿತು. ಡೆನ್ಮಾರ್ಕ್‌ನ ಆಟಗಾರ ಥಾಮಸ್ ಡಿಲೇನಿ ತನಗೂ ಇದೆ ಎಂದು 2018ರಲ್ಲಿ ಹೇಳಿಕೊಂಡರು. ಅದೇ ವರ್ಷದ ವಿಶ್ವಕಪ್ ಶುರುವಾದದ್ದು ಕೆಂಪು ರಷ್ಯಾ, ಹಸಿರು ಸೌದಿ ಅರೇಬಿಯಾ ಪಂದ್ಯದಿಂದ. ನೋಡಿದವರಲ್ಲಿ ಎಷ್ಟೋ ಜನರಿಗೆ ಒಂದೇ ತಂಡ ತನ್ನೊಳಗೆ ತಾನೇ ಆಡುತ್ತಿರುವಂತೆ ಕಂಡಿರಬೇಕು. ವಿಶ್ವಕಪ್ ತಂಡಗಳು ಒಂದು ತಿಳಿ ಬಣ್ಣದ, ಒಂದು ಗಾಢ ಬಣ್ಣದ ಉಡುಪು ತರಬೇಕೆಂದು ಫಿಫಾ ಕೇಳುವುದನ್ನು ಹಳೆಯ ಅಭಿಮಾನಿಗಳು ಬೈಯುತ್ತಾರೆ. ನಾನು ಬೈಯುವುದಿಲ್ಲ.

ಅಂಗಿಯ ಗುಣಕ್ಕೆ ಬರೋಣ. ಪಟ್ಟೆಗಳು ಬಟ್ಟೆಯಲ್ಲೇ ನೇಯ್ದವು, ಮೇಲೆ ಅಚ್ಚು ಹಾಕಿದ್ದಲ್ಲ. ಪಕ್ಕದ ಹೊಲಿಗೆಯಲ್ಲಿ ಮುಂದಿನ ಹಸಿರಿಗೆ ಹಿಂದಿನ ಹಸಿರು ಬಂದು ಸೇರುತ್ತದೆ, ಅಷ್ಟು ಶ್ರದ್ಧೆ. ಬಣ್ಣ ಬಿಟ್ಟಿಲ್ಲ. ಅಳತೆ ಮಾತ್ರ ಹೇಳಿದ್ದಕ್ಕಿಂತ ಒಂದು ಸುತ್ತು ಚಿಕ್ಕದು, ಭುಜದಲ್ಲಿ ಬಿಗಿ. ಬೇಕಾದವರಿಗೆ ‘ಅಂಗಿಯ ಸಂಖ್ಯೆಗೆ ಹೊಂದುವ ಚಡ್ಡಿ’ಯನ್ನೂ ಪ್ರತ್ಯೇಕವಾಗಿ ಮಾರುತ್ತಾರೆ. ಹೊಂದುವ ಚಡ್ಡಿ! ಆ ದಿನದ ಮಜಾ ಇದ್ದದ್ದೇ ಅದು ಹೊಂದದಿರುವುದರಲ್ಲಿ. ನಾನು ಬರೆದು ಕೇಳಿದೆ. ‘ಗ್ರಾಹಕರು ಸಂಖ್ಯೆ ತಪ್ಪಿದೆ ಎಂದು ವಾಪಸ್ ಕಳುಹಿಸುತ್ತಾರೆ ಸರ್’ ಎಂಬ ಉತ್ತರ ಬಂತು. ಅದಕ್ಕೆ ಏನು ಹೇಳಲಿ, ಸುಮ್ಮನಾದೆ.

ಮೂರನೆಯದು ಎಲ್ಲರಿಗೂ ಗೊತ್ತಿರುವ ಅಂಗಿ. 1986ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ಉರುಗ್ವೆಯ ವಿರುದ್ಧ ತೊಟ್ಟ ನೀಲಿ ಹತ್ತಿ ಅಂಗಿಗಳು ಭಾರವಾಗಿದ್ದವು. ಮುಂದಿನ ಪಂದ್ಯಕ್ಕೆ ಇಂಗ್ಲೆಂಡ್ ಬಿಳಿಯಲ್ಲಿ ಬರುವುದರಿಂದ ಮತ್ತೆ ನೀಲಿಯನ್ನೇ ತೊಡಬೇಕಿತ್ತು. ಹಗುರವಾದದ್ದು ಬೇಕೆಂದು ತರಬೇತುದಾರ ಬಿಲಾರ್ಡೊ ಹಟ ಹಿಡಿದರು. ಸಿಬ್ಬಂದಿ ಮೆಕ್ಸಿಕೊ ಸಿಟಿಯ ಅಂಗಡಿಗಳನ್ನು ಸುತ್ತಿ ಎರಡು ಮಾದರಿ ತಂದರು, ಮರಡೋನಾ ಒಂದನ್ನು ಮೆಚ್ಚಿದರು. ಅವಸರದಲ್ಲಿ ಲಾಂಛನ ಹೊಲಿದು, ಅಮೆರಿಕನ್ ಫುಟ್‌ಬಾಲ್‌ಗೆ ಬಳಸುವಂಥ ಬೆಳ್ಳಿ ಬಣ್ಣದ ಸಂಖ್ಯೆಗಳನ್ನು ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸಿದರು. ಆ ಅಂಗಿಯ ತೋಳಿನಾಚೆ ಚಾಚಿ ಚೆಂಡನ್ನು ಗೋಲಿಗೆ ತಳ್ಳಿದ ಕೈಯ ಕಥೆಯನ್ನು ರೆಫರಿಯಾದ ನನ್ನ ಬಾಯಿಂದ ಹೇಳಿಸಬೇಡಿ. ಮರಡೋನಾ ಅಂದು ತೊಟ್ಟ ಅಂಗಿ 2022ರಲ್ಲಿ ಹರಾಜಾಗಿ 71 ಲಕ್ಷ ಪೌಂಡ್ ದಾಟಿತು.

ಪ್ರತಿಕೃತಿಯ ಬಟ್ಟೆ ಚೆನ್ನಾಗಿದೆ. ಬೆಳಕಿಗೆ ಹಿಡಿದರೆ ನೀಲಿಯೊಳಗೆ ಇನ್ನೊಂದು ನೀಲಿಯ ಗೆರೆ ಮಿನುಗುತ್ತದೆ, ಮೂಲದಲ್ಲಿದ್ದಂತೆಯೇ. ಸೋತದ್ದು ಬೆಳ್ಳಿ ಸಂಖ್ಯೆಯಲ್ಲಿ. ಮೂರನೆಯ ಒಗೆತಕ್ಕೆ ಸೊನ್ನೆಯ ಅಂಚು ಎದ್ದಿತು, ನಾಲ್ಕನೆಯದಕ್ಕೆ ಹುಡಿ ಹುಡಿಯಾಗಿ ಉದುರಿತು. ಅದರ ಜೊತೆ ನೆನೆಹಾಕಿದ್ದ ನನ್ನ ಕಪ್ಪು ಕಾಲುಚೀಲಕ್ಕೆಲ್ಲ ಬೆಳ್ಳಿ. ಆ ಭಾನುವಾರ ಮೊಣಕಾಲಿನ ಕೆಳಗೆ ಮಿನುಗುತ್ತಾ ಓಡಿದೆ. ಕಾಲುಚೀಲದ ಮೇಲೆ ಸುತ್ತಿದ ಟೇಪು ಕಾಲುಚೀಲದ ಬಣ್ಣದ್ದೇ ಆಗಿರಬೇಕೆಂದು ಆಟಗಾರರಿಗೆ ಗದರಿಸುವವನು ನಾನು. ಅಂದು ಯಾರಿಗೂ ಗದರಿಸಲಿಲ್ಲ. ಒಗೆಯುವಾಗ ಇದನ್ನು ಬೇರೆಯೇ ಇಡಿ, ತಣ್ಣೀರಿನಲ್ಲಿ ಅದ್ದಿ ತೆಗೆದರೆ ಸಾಕು.

ಪೆಟ್ಟಿಗೆಯಲ್ಲಿ ಇಲ್ಲದ್ದನ್ನೂ ಒಂದು ಮಾತು ಹೇಳಬೇಕು. 1958ರಲ್ಲಿ ಅರ್ಜೆಂಟೀನಾ ಪಶ್ಚಿಮ ಜರ್ಮನಿಯ ವಿರುದ್ಧ ಮಾಲ್ಮೋ ನಗರದ ಕ್ಲಬ್ಬೊಂದರ ಹಳದಿ ಅಂಗಿ ಬೇಡಿ ತೊಟ್ಟಿತ್ತು. ಆ ಹಳದಿ ಇಲ್ಲಿರಬೇಕಿತ್ತು. 2010ರ ಫೈನಲ್‌ನಲ್ಲಿ ಸ್ಪೇನ್ ತೊಟ್ಟ ಕಡುನೀಲಿ ಬೇಡ, ಅದು ಎರವಲಲ್ಲ. ಆದರೂ ಗೆದ್ದ ಕೂಡಲೇ ಅದನ್ನು ಕಳಚಿ ಕೆಂಪು ತೊಟ್ಟು ಕಪ್ ಎತ್ತಿದ್ದು ಪುಸ್ತಿಕೆಯ ಒಂದು ಪುಟಕ್ಕಾದರೂ ಆಗುತ್ತಿತ್ತು.

ಕೊಳ್ಳಬೇಕೇ ಎಂದರೆ, ಪಟ್ಟೆ ಅಂಗಿಗಾಗಿ ಕೊಳ್ಳಿ, ಒಂದು ಅಳತೆ ದೊಡ್ಡದು. ಬ್ರೆಜಿಲ್‌ನದು ಬೋನಸ್ಸು. ಅರ್ಜೆಂಟೀನಾದ್ದು ಗೋಡೆಗೆ.

ನನ್ನ ಪಟ್ಟೆ ಅಂಗಿ ಗೋಡೆ ಹತ್ತಿಲ್ಲ, ಸೀಟಿಯ ಚೀಲದಲ್ಲಿದೆ. ಕಳೆದ ತಿಂಗಳು ಒಂದು ತಂಡದ ಗೋಲ್‌ಕೀಪರ್ ಎದುರಾಳಿಗಳ ಬಣ್ಣದಲ್ಲೇ ಬಂದು ನಿಂತ. ಇಬ್ಬರೂ ಗೋಲ್‌ಕೀಪರ್‌ಗಳ ಅಂಗಿ ಒಂದೇ ಬಣ್ಣದ್ದಾಗಿ, ಬದಲಿ ಇಲ್ಲದಿದ್ದರೆ ಉಡುಪಿನ ಬಗೆಗಿನ ನಾಲ್ಕನೆಯ ನಿಯಮ ಆಡಲು ಬಿಡುತ್ತದೆ, ಇದಕ್ಕೆ ಬಿಡುವುದಿಲ್ಲ. ‘ಸರ್, ಅವರದು ಕಡುನೀಲಿ, ನನ್ನದು ತಿಳಿನೀಲಿ’ ಎಂದು ವಾದಿಸಿದ. ಮೊಬೈಲ್ ತೆಗೆದು ಬೂದಿ ಬಣ್ಣದ ಚಿತ್ರ ತೋರಿಸಿದೆ, ಬಾಯಿ ಮುಚ್ಚಿದ. ಬೇರೆ ಅಂಗಿ ಅವನಲ್ಲಿ ಇರಲಿಲ್ಲ. ಚೀಲದಿಂದ ಪಟ್ಟೆಯದನ್ನು ತೆಗೆದುಕೊಟ್ಟೆ. ಅವನ ಭುಜ ನನಗಿಂತ ಅಗಲ, ಉಸಿರು ಬಿಗಿಹಿಡಿದು ತೂರಿಸಿಕೊಂಡ. ಇಪ್ಪತ್ತನೆಯ ನಿಮಿಷಕ್ಕೆ ಎಡಕ್ಕೆ ಹಾರಿ ಚೆಂಡು ಹಿಡಿದಾಗ ಪರ್ರೆಂದು ಶಬ್ದವಾಯಿತು. ಮನೆಗೆ ತಂದು ಸೂಜಿ ದಾರ ಹಿಡಿದು ನಾನೇ ಹೊಲಿಗೆ ಹಾಕಿದೆ. ಹಸಿರು ದಾರ ಇರಲಿಲ್ಲ, ಕಪ್ಪಿನಲ್ಲೇ ಹೊಲಿದೆ. ಭುಜದಲ್ಲಿ ಪಟ್ಟೆಗಳು ಒಂದಕ್ಕೊಂದು ಕೂಡುತ್ತಿಲ್ಲ.