ಹಿರಿಯರ ಸ್ನಾಯುಬಲ ತರಗತಿ: ವ್ಯಾಯಾಮಕ್ಕೆ ಸೇರಿ, ಪುಡಿ ಕೊಳ್ಳಬೇಡಿ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಅರವತ್ತು ದಾಟಿದವರಿಗೆಂದೇ ನಡೆಯುವ ಸ್ನಾಯುಬಲದ ತರಗತಿಗೆ ನಮ್ಮ ತಾಯಿಯವರು ಕೆಲವು ತಿಂಗಳಿಂದ ಹೋಗುತ್ತಿದ್ದಾರೆ. ದಿನವೂ ಪಾರ್ಕಿನಲ್ಲಿ ನಡೆಯುವವರಿಗೆ ಇದೇಕೆ ಎಂದು ಹಲವರು ಕೇಳುತ್ತಾರೆ. ನಡಿಗೆ ಹೃದಯಕ್ಕೆ ಹಿತವೇ. ಆದರೆ ಮೂವತ್ತರ ನಂತರ ದಶಕಕ್ಕೆ ಸುಮಾರು ಶೇ. 3ರಿಂದ 8ರಷ್ಟು ಕರಗುತ್ತ, ಅರವತ್ತರ ಬಳಿಕ ಇನ್ನೂ ಬೇಗ ಇಳಿಯುವ ಸ್ನಾಯುವನ್ನು ಉಳಿಸಿಕೊಳ್ಳಲು ಅದೊಂದೇ ಸಾಲದು. ಈ ಸವೆತದಲ್ಲಿ ಹೆಚ್ಚಾಗಿ ಕುಗ್ಗುವುದು ಥಟ್ಟನೆ ಬಲ ಹಾಕುವ ಎಳೆಗಳು. ಕಾಲು ಜಾರಿದಾಗ ಮೈಯನ್ನು ತಡೆದು ನಿಲ್ಲಿಸಬೇಕಾದವೂ ಅವೇ.

ಈ ಕೇಂದ್ರದಲ್ಲಿ ನನಗೆ ಹಿಡಿಸಿದ್ದು ಅಳತೆಯ ಶಿಸ್ತು. ಸೇರಿದ ದಿನವೇ ಕೈಹಿಡಿತದ ಬಲವನ್ನು ಉಪಕರಣದಿಂದ ಅಳೆದು, ಕೈಗಳನ್ನು ಎದೆಗೆ ಕಟ್ಟಿಸಿ, ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಹೇಳುತ್ತಾರೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗೊತ್ತುಮಾಡಿದ ಮಾನದಂಡದಂತೆ, ಹಿಡಿತ ಗಂಡಸರಲ್ಲಿ 28 ಕೆ.ಜಿ., ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆಯಿದ್ದರೆ, ಅಥವಾ ಐದು ಬಾರಿ ಏಳಲು 12 ಸೆಕೆಂಡು ಇಲ್ಲವೇ ಅದಕ್ಕೂ ಹೆಚ್ಚು ಬೇಕಾದರೆ, ಸಾರ್ಕೋಪೀನಿಯಾ, ಅಂದರೆ ವಯಸ್ಸಾದಂತೆ ಸ್ನಾಯುವೂ ಅದರ ಬಲವೂ ಮಿತಿಮೀರಿ ಕುಗ್ಗುವ ತೊಂದರೆ, ಇರಬಹುದೆಂದು ಶಂಕಿಸಬೇಕು. ಮೊದಲು ರಬ್ಬರ್ ಪಟ್ಟಿ, ಆಮೇಲೆ ಸಣ್ಣ ಡಂಬೆಲ್; ಎತ್ತುವುದು ಸಲೀಸಾದೊಡನೆ ಭಾರ ಏರುತ್ತದೆ. ಈ ಏರಿಕೆಯೇ ತರಗತಿಯ ತಿರುಳು. ತುಂಬ ವಯಸ್ಸಾದವರಿಗೆ ಇದು ಆಗದೆನ್ನುವುದಕ್ಕೂ ಆಧಾರವಿಲ್ಲ: ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ವೃದ್ಧಾಶ್ರಮವಾಸಿಗಳಾದ ತೊಂಬತ್ತರ ಆಸುಪಾಸಿನವರ ಕಾಲಿನ ಬಲ 8 ವಾರಗಳ ಭಾರದ ವ್ಯಾಯಾಮದಿಂದ ಸರಾಸರಿ ದುಪ್ಪಟ್ಟನ್ನೂ ಮೀರಿತ್ತು.

ನನ್ನ ತಕರಾರಿರುವುದು ಪ್ರೋಟೀನ್ ಪುಡಿಯ ಬಗ್ಗೆ. ಪ್ರತಿಯೊಬ್ಬರಿಗೂ ಡಬ್ಬಿ ಹಿಡಿಸುವ ಇವರು, ಮೂತ್ರಪಿಂಡದ ತೊಂದರೆ ಇದೆಯೇ ಎಂದು ಕೇಳುವುದಿಲ್ಲ. ಅಂಥವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಲೇಬಾರದು. ಆರೋಗ್ಯವಂತ ಹಿರಿಯರಿಗೆ ತಜ್ಞರು ಸೂಚಿಸುವುದು ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 55 ಕೆ.ಜಿ. ತೂಗುವವರಿಗೆ 55ರಿಂದ 66 ಗ್ರಾಂ. ಅನ್ನ, ತಿಳಿಸಾರಿನ ಊಟದಲ್ಲಿ ಇಷ್ಟು ದೊರೆಯದೆಂಬುದು ನಿಜ, ಹಸಿವು ತಗ್ಗಿದ ಹಿರಿಯರಿಗಂತೂ ಇನ್ನೂ ಕಷ್ಟ. ಹಾಗೆಂದು ಡಬ್ಬಿಯೊಂದೇ ದಾರಿಯಲ್ಲ. ಬೆಳಿಗ್ಗೆ ಹೆಸರುಕಾಳಿನ ಉಸಲಿ, ಮಧ್ಯಾಹ್ನ ಬೇಳೆ ಹೆಚ್ಚಿರುವ ಗಟ್ಟಿ ಹುಳಿ, ಜೊತೆಗೆ ಮೊಸರು, ರಾತ್ರಿ ಹಾಲು ಎಂದು ಮೂರು ಹೊತ್ತಿಗೂ ಹಂಚಿಕೊಂಡರೆ ಬಹುಪಾಲು ಅಡುಗೆಮನೆಯಲ್ಲೇ ಸಿಗುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದೊಂದರಿಂದ ಸುಮಾರು 6 ಗ್ರಾಂ.

ಕೇಂದ್ರವಿರುವುದು ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುವುದೂ ವ್ಯಾಯಾಮವೇ ಎಂಬ ಅವರ ಉತ್ತರ ಚಮತ್ಕಾರದ್ದಾದರೂ, ಮಂಡಿನೋವಿನವರಿಗೆ ಅದು ಉತ್ತರವಲ್ಲ. ಅಂಥವರು ಮೊದಲು ಫಿಸಿಯೋಥೆರಪಿಸ್ಟರನ್ನು ಕಾಣುವುದು ಮೇಲು. ಉಳಿದವರು ಪುಡಿಯ ಡಬ್ಬಿಯನ್ನು ಬೇಡವೆಂದು ಹೇಳಿ ಧಾರಾಳವಾಗಿ ಸೇರಬಹುದು.